ಎಡಸುರುಳಿ

ಉಗುರುಸಂದಿಯಲ್ಲಿ ಇನ್ನೂ ಕೆಸರು, ಎಷ್ಟು ತಿಕ್ಕಿದರೂ ಹೋಗದ ಬೂದು ಕೆಸರು, ಮೂರು ಸಾವಿರ ಮೀಟರ್ ಆಳದ ಕಡಲತಳದ್ದು, ಒಂದು ತಿಂಗಳಿಂದ ಅವಳ ಪಾಲಿಗೆ ಇದೇ, ಜರಡಿ ಹಿಡಿದು ಕೆಸರು ತೊಳೆಯುವುದು, ಇಪ್ಪತ್ತಾರು ವರ್ಷ ಮೈಕ್ರೋಸ್ಕೋಪಿನ ಮುಂದೆ ಕೂತು ಒದ್ದೆ ಕುಂಚದ ತುದಿಯಲ್ಲಿ ಸಾಸಿವೆಗಿಂತ ಸಣ್ಣ ಕಡಲಜೀವಿಗಳ ಚಿಪ್ಪುಗಳನ್ನು ಹೆಕ್ಕಿದವಳಿಗೆ — ನಿಮ್ಮ ಕಣ್ಣು ಮೊದಲಿನ ಹಾಗಿಲ್ಲ ಮೇಡಂ, ಸ್ವಲ್ಪ ರೆಸ್ಟ್ ಕೊಡಿ, ಅಂದನಲ್ಲ ಪ್ರೊಫೆಸರ್ ಮಹಾಶಯ, ಬೆಣ್ಣೆಯಲ್ಲಿ ಕೂದಲು ತೆಗೆದ ಹಾಗೆ, ಈಗ ವೇದಿಕೆ ಮೇಲೆ ನಿಂತು ಸಭೆಗೆ ಹೇಳುತ್ತಿದ್ದಾನೆ, ಹನ್ನೆರಡು ಸಾವಿರ ವರ್ಷದ ಹಿಂದೆ ಆ ಕಡಲ ನೀರು ಬೆಚ್ಚಗಿತ್ತು — ಬೆಚ್ಚಗಿತ್ತಂತೆ, ನಿನ್ನ ತಲೆ, ಒಂದೊಂದಾಗಿ ಎಣಿಸಿದವಳು ಅವಳು, ನೂರಕ್ಕೆ ತೊಂಬತ್ತು ಎಡಸುರುಳಿ, ಚಿಪ್ಪು ಎಡಕ್ಕೆ ಸುತ್ತಿದ್ರೆ ತಣ್ಣೀರು, ಬಲಕ್ಕೆ ಸುತ್ತಿದ್ರೆ ಬೆಚ್ಚನೆ ನೀರು, ಇಷ್ಟೇ ಕಣಪ್ಪ, ಅಂತ ಕುಂಚ ಹಿಡಿಯಲೂ ಬಾರದಿದ್ದ ಇವನಿಗೆ ಹೇಳಿಕೊಟ್ಟವಳೂ ಅವಳೇ, ಇವನೋ ಕಣ್ಣಿಟ್ಟು ನೋಡುವ ತಾಳ್ಮೆಯಿಲ್ಲದೆ ಹೊಸ ಕ್ಯಾಮರಾದ ಫೋಟೋ ನೋಡಿ ಎಣಿಸಿದ, ತೊಂಬತ್ತು ಬಲಸುರುಳಿ, ಅವಳ ಪಟ್ಟಿ ಕಸದ ಬುಟ್ಟಿಗೆ, ಗುರುವಿಗೇ ತಿರುಮಂತ್ರ — ತನ್ನ ಕಣ್ಣೇ ಸರಿಯಿಲ್ಲವೆಂದು ಅವಳೂ ನಂಬಿಬಿಟ್ಟಳಲ್ಲ, ಮೈ ಉರಿಯುವುದು ಅದಕ್ಕೇ, ಸೂಜಿಗೆ ದಾರ ಪೋಣಿಸಿ ಪೋಣಿಸಿ ನೋಡಿಕೊಂಡಳು, ಅಮ್ಮಾ ನಿಂಗೇನಾಗಿದೆ ಅಂತ ಮಗಳು ಕಣ್ಣಿನ ಡಾಕ್ಟರ ಹತ್ತಿರ ಎಳೆದುಕೊಂಡು ಹೋದಳು, ಡಾಕ್ಟರು ಕೊನೆಯ ಸಾಲಿನ ತನಕ ಓದಿಸಿ ನಕ್ಕರು, ಇನ್ನೇನು ಬೇಕಮ್ಮ ನಿಮಗೆ, ಆದರೂ ಧೈರ್ಯ ಬರಲಿಲ್ಲ, ಎಡ ಯಾವುದು ಬಲ ಯಾವುದು ಅಂತ ಚಿಕ್ಕ ಮಕ್ಕಳ ಹಾಗೆ ಕೈ ನೋಡಿಕೊಳ್ಳುವ ಸ್ಥಿತಿ, ಥೂ — ಪರದೆ ಬದಲಾಯಿತು, ಸಭೆಗೆ ಚೆಂದ ಕಾಣಲೆಂದು ಚಿಪ್ಪಿನ ತಟ್ಟೆಯ ಇಡೀ ಫೋಟೋ ಹಾಕಿದ್ದಾನೆ, ಅಂಚು ಕತ್ತರಿಸದ್ದು, ಇಷ್ಟು ದಿನ ಅವಳಿಗೆ ತೋರಿಸಿದ್ದೆಲ್ಲ ಬರೀ ಚಿಪ್ಪು, ತಟ್ಟೆಯ ಒಂದೊಂದು ಮನೆಗೂ ಅಚ್ಚುಹಾಕಿದ ಅಂಕಿಯಿರುತ್ತದೆ, ಅಲ್ಲಿ, ಮೂಲೆಯಲ್ಲಿ, 7 — ತಲೆಯ ಗೆರೆ ಎಡಕ್ಕೆ ಚಾಚುವ ಬದಲು ಬಲಕ್ಕೆ, ಕನ್ನಡಿಯಲ್ಲಿ ಕಂಡ ಹಾಗೆ, ಹಾಗಾದರೆ ಕ್ಯಾಮರಾ ಎಲ್ಲವನ್ನೂ ತಿರುಗಿಸಿದೆ, ಎಡವನ್ನು ಬಲ ಮಾಡಿದೆ, ತಣ್ಣೀರನ್ನು ಬೆಚ್ಚಗೆ ಮಾಡಿದೆ, ಅವಳನ್ನು ಕುರುಡಿ ಮಾಡಿದೆ, ಒಂದು ತಿಂಗಳು, ಇಡೀ ಒಂದು ತಿಂಗಳು — ಯಾರಿಗಾದರೂ ಪ್ರಶ್ನೆ ಇದೆಯಾ, ಕೇಳುತ್ತಿದ್ದಾನೆ, ಅವಳು ಆಗಲೇ ಎದ್ದು ನಿಂತಿದ್ದಾಳೆ, ಹೇಳಿ ಮೇಡಂ, ಬಾಯಿಗೆ ಬಂದ ಬೈಗುಳವೆಲ್ಲ ಬಿಟ್ಟು, ಆ ಮೂಲೇಲಿರೋ ಅಂಕಿ ಓದಪ್ಪ, ಅಂದಳು, ಎಲ್ಲರಿಗೂ ಕೇಳೋ ಹಾಗೆ ಓದು — ಅವನು ತಿರುಗಿ ನೋಡಿದ, ಪರದೆಯ ಮೇಲೆ ಏಳು, ಮುಖ ತಿರುಗಿಸಿ ನಿಂತ ಏಳು, ಆಳೆತ್ತರದ ಏಳು, ಏಳು