ದೊಡ್ಡ ಮಗನ ಕೋಳಿ

ನಮ್ಮ ಹೆಡ್‌ಮಿಸ್ಟ್ರೆಸ್ ಸಿಸ್ಟರ್ ಬೆನೆಡಿಕ್ಟಾ ಹಾಕಿದ ಷರತ್ತು ಒಂದೇ: ದೊಡ್ಡ ಮಗ ಕೊನೆಗೆ ಮನೆಯೊಳಗೆ ಬರಬೇಕು.

“ಬೈಬಲಿನಲ್ಲಿ ಅವನು ಬಂದನೆಂದು ಬರೆದಿಲ್ಲವಲ್ಲ, ಸಿಸ್ಟರ್,” ಎಂದೆ.

“ಬರೆದಿಲ್ಲ, ನನಗೂ ಗೊತ್ತುಂಟು ಟೀಚರ್. ಆದರೆ ಮದರ್ ಪ್ರೊವಿನ್ಶಿಯಲ್ ಎದುರು ಅವನನ್ನು ಹೊರಗೆ ನಿಲ್ಲಿಸುವುದು ಬೇಡ. ನಿಮ್ಮ ಕೆಲಸ ಖಾಯಂ ಮಾಡುವವರೂ ಅವರೇ. ನೆನಪಿರಲಿ.”

ನೆನಪಿತ್ತು. ಗಂಡ ತೀರಿಕೊಂಡ ಮೇಲೆ ಈ ಹೆಣ್ಣುಮಕ್ಕಳ ಹೈಸ್ಕೂಲಿಗೆ ತಾತ್ಕಾಲಿಕ ಕನ್ನಡ ಟೀಚರಾಗಿ ಸೇರಿದವಳು ನಾನು. ಎರಡು ವರ್ಷವಾಯಿತು. ವಾರಕ್ಕೆರಡು ಮೌಲ್ಯಶಿಕ್ಷಣದ ಪೀರಿಯಡ್ಡೂ ನನ್ನದೇ. ಮಧ್ಯಾಹ್ನ ಲೈಬ್ರರಿಯಲ್ಲಿ ಕೂತು ಉಣ್ಣುತ್ತೇನೆ. ಸ್ಟಾಫ್‌ರೂಮಿನಲ್ಲಿ ನನ್ನನ್ನು ಕಂಡೊಡನೆ ಎಲ್ಲರೂ ನಗು ನಿಲ್ಲಿಸುತ್ತಾರೆ, ಅವರಿಗೇಕೆ ತೊಂದರೆ. ಖಾಯಂ ಆಗದಿದ್ದರೆ ಅಮಾಸೆಬೈಲಿನ ಅಣ್ಣನ ಮನೆಗೆ ಹೋಗಬೇಕು. ಅಲ್ಲಿ ಲೈಬ್ರರಿ ಇಲ್ಲ.

ಯೇಸು ಹೇಳಿದ ಆ ಕಥೆಯನ್ನು ತಾಳಮದ್ದಳೆ ಮಾಡಿಸುವ ಯೋಚನೆ ನನ್ನದೇ. ಚಿಕ್ಕ ಮಗ ತನ್ನ ಪಾಲು ತೆಗೆದುಕೊಂಡು ಹೋಗಿ, ಎಲ್ಲ ಕಳೆದು, ಹಂದಿ ಕಾಯುವಲ್ಲಿಗೆ ಇಳಿದು ಮನೆಗೆ ಮರಳುತ್ತಾನೆ. ಅಪ್ಪ ಔತಣ ಮಾಡುತ್ತಾನೆ. ಮನೆಯಲ್ಲೇ ದುಡಿದ ದೊಡ್ಡ ಮಗ ಸಿಟ್ಟಿನಿಂದ ಹೊರಗೆ ನಿಲ್ಲುತ್ತಾನೆ. ತಾಳಮದ್ದಳೆಯೆಂದರೆ ಕೂತು ಆಡುವ ಯಕ್ಷಗಾನ, ವೇಷ ಬೇಡ, ಕುಣಿತ ಬೇಡ. ಕುರ್ಚಿಯಲ್ಲಿ ಕೂತು ಮಾತಾಡಿದರಾಯಿತು. ಹಾಡಿ ನಡೆಸುವ ಭಾಗವತಿಕೆಗೆ ಶಾಲೆಯ ವ್ಯಾನ್ ಓಡಿಸುವ ಚಂದಯ್ಯನವರು. ಅಪ್ಪನಾಗಿ ಪ್ರಣೀತಾ, ಮುಂಬೈಯಲ್ಲಿ ಹೋಟೆಲು ನಡೆಸುವವರ ಮಗಳು. ಚಿಕ್ಕ ಮಗ ಅಕ್ಷಿತಾ. ದೊಡ್ಡ ಮಗ ನಾವುಂದದ ಮೋಕ್ಷಿತಾ. ಒಂಬತ್ತನೇ ಕ್ಲಾಸು, ತಾಯಿ ಮೀನು ಮಾರುತ್ತಾರೆ.

ಮೂಲ ಕಥೆಯಲ್ಲಿ ಅಪ್ಪ ಕೊಬ್ಬಿದ ಕರು ಕೊಯ್ಯಿಸುತ್ತಾನೆ. ಸಿಸ್ಟರ್ ಅದನ್ನು ಓದಿ, ಎದ್ದು ಹೋಗಿ ಕಿಟಕಿ ಮುಚ್ಚಿ ಬಂದು, “ಕೋಳಿ ಸಾಕು,” ಎಂದರು.

ದೊಡ್ಡ ಮಗನಿಗೆ ಎಂಟು ಸಾಲು ಬರೆದುಕೊಟ್ಟೆ. ಮೋಕ್ಷಿತಾ ಹಾಳೆಯನ್ನು ಹಿಂದೆ ಮುಂದೆ ತಿರುಗಿಸಿದಳು.

“ಟೀಚರ್, ಬಾಯಿಪಾಠ ಮಾಡಿ ಅರ್ಥ ಹೇಳುಕೆ ಆತಿಲ್ಲೆ. ನಮ್ಮ ಅಜ್ಜಯ್ಯ ಕೇಂಡ್ರೆ ಮರ್ಯಾದಿ ಹೋತ್ತ್.” ಅವಳಜ್ಜ ಹಳೆಯ ಅರ್ಥಧಾರಿ, ಮಾತನ್ನು ಕೂತಲ್ಲೇ ಹುಟ್ಟಿಸಿ ವಾದಿಸುವವರು.

“ಎಂಟೇ ಸಾಲು. ಎಂಟನೆಯದಕ್ಕೆ ಒಳಗೆ ಹೋಗಿಬಿಡು.”

“ಕಾಂಬ,” ಎಂದಳು. ಆ ‘ನೋಡೋಣ’ವನ್ನೇ ನಾನು ಒಪ್ಪಿಗೆ ಎಂದುಕೊಂಡೆ.

ಶುಕ್ರವಾರ ಬೆಳಿಗ್ಗೆ, ಸುತ್ತಲಿನ ಕಾನ್ವೆಂಟುಗಳಿಗೆಲ್ಲ ಮುಖ್ಯಸ್ಥರಾದ ಮದರ್ ಪ್ರೊವಿನ್ಶಿಯಲ್ ಬಂದು ಮುಂದಿನ ಸಾಲಿನಲ್ಲಿ ಕೂತರು. ಚಿಕ್ಕ ಮಗ ಚೆನ್ನಾಗಿ ಅತ್ತ. ಅವರು ಕನ್ನಡಕ ತೆಗೆದು ಒರೆಸಿಕೊಂಡರು. ಸಿಸ್ಟರ್ ನನ್ನ ಕಡೆ ನೋಡಿ ತಲೆಯಾಡಿಸಿದರು. ಆಮೇಲೆ ದೊಡ್ಡ ಮಗ ಗದ್ದೆಯಿಂದ ಬಂದ.

“ಪಿತಾಶ್ರೀ, ನಮ್ಮ ಮನೆಯಿಂದ ಕೋಳಿಯ ಪರಿಮಳ ಬರುತ್ತಿದೆಯಲ್ಲ, ಕಾರಣವೇನು?”

“ನಿನ್ನ ತಮ್ಮ ಮರಳಿ ಬಂದಿದ್ದಾನೆ. ಒಳಗೆ ಬಾ, ಮಗನೇ.”

“ಬರುತ್ತೇನೆ. ಅವನು ಮನೆ ಬಿಟ್ಟ ವರ್ಷ ಗದ್ದೆ ನೆಟ್ಟವರು ಯಾರು?”

“ನೀನು.”

“ನಿಮಗೆ ಜ್ವರ ಬಂದಾಗ ಬೈಂದೂರಿಗೆ ಹೊತ್ತುಕೊಂಡು ಹೋದವರು?”

“ನೀನೇ, ಮಗನೇ.”

“ಆಗ ಕೋಳಿ ಕೊಯ್ದದ್ದುಂಟೋ?”

ಸಭೆ ನಕ್ಕಿತು. ನಾನು ಬರೆದ ಸಾಲು ಒಂದೂ ಬಂದಿರಲಿಲ್ಲ. ಚಂದಯ್ಯನವರಿಗೆ ಕೈಸನ್ನೆ ಮಾಡಿದೆ. ಅವರು ತಾಳವೆತ್ತಿ ಮುಕ್ತಾಯದ ಮಂಗಳ ಶುರುಮಾಡಿದರು. ಮೋಕ್ಷಿತಾ ಕೈ ಅಡ್ಡ ಹಿಡಿದಳು.

“ಭಾಗವತ್ರೆ, ನಿಲ್ಸಿ. ಅಪ್ಪಯ್ಯ ಉತ್ರ ಹೇಳ್ಲಿಲ್ಲೆ ಇನ್ನೂ.”

ಚಂದಯ್ಯನವರು ನಿಲ್ಲಿಸಿದರು. ಮೂವತ್ತು ವರ್ಷ ಹಾಡಿದವರು. ವಾದ ಬಾಕಿಯಿರುವಾಗ ಮಂಗಳ ಹಾಡುವುದು ಅವರ ಗಂಟಲಿಗೂ ಒಗ್ಗಲಿಲ್ಲ.

ಪ್ರಣೀತಾ ನನ್ನ ಹಾಳೆಯ ಕೊನೆಯ ಸಾಲನ್ನು ಹಿಡಿದುಕೊಂಡಳು. “ಮಗನೇ, ನನ್ನದೆಲ್ಲವೂ ನಿನ್ನದೇ ಅಲ್ಲವೇ?”

“ಎಲ್ಲ ನಂದೇ ಅಂದ್ರೆ ಇವತ್ತ್ ಕೊಯ್ದ್ ಕೋಳಿಯೂ ನಂದೇ. ನನ್ನ್ ಕೇಣ್ದೆ ಕೊಯ್ದದ್ದ್ ಎಂತಕ್ಕೆ?”

ಹಿಂದಿನ ಬೆಂಚುಗಳಿಂದ ಚಪ್ಪಾಳೆ. ಸಿಸ್ಟರ್ ಈಗ ನನ್ನ ಕಡೆ ನೋಡಿದ ನೋಟವೇ ಬೇರೆ. ನಾನು ಮನಸ್ಸಿನಲ್ಲೇ ಪುಸ್ತಕಗಳನ್ನು ಪೆಟ್ಟಿಗೆಗೆ ತುಂಬತೊಡಗಿದೆ.

ಸುಮ್ಮನಿರಬೇಕಾಗಿದ್ದ ಅಕ್ಷಿತಾ ಬಾಯಿ ಹಾಕಿದಳು. “ಬಾ ಅಣ್ಣ, ಕೋಳಿ ತಣಿತ್ತ್.”

“ನೀ ಸುಮ್ನೇ ಕೂಕೋ. ಹಂದಿ ಕಾದವ್ನ್ ಬುದ್ಧಿ ನಂಗ್ ಬ್ಯಾಡ.”

ಪ್ರಣೀತಾಳ ಹಾಳೆಯಲ್ಲಿದ್ದ ಸಾಲುಗಳು ಮುಗಿದಿದ್ದವು. ಅವಳು ನನ್ನನ್ನು ನೋಡಿದಳು. ತಾಳಮದ್ದಳೆಯಲ್ಲಿ ಕೂತವರು ಏಳುವ ಕ್ರಮವಿಲ್ಲ. ಅವಳು ಎದ್ದಳು. ಕುರ್ಚಿಯನ್ನು ದರದರ ಎಳೆದು ಮೋಕ್ಷಿತಾಳ ಪಕ್ಕಕ್ಕೆ ಹಾಕಿ ಕೂತಳು.

“ನೀ ಬಪ್ಪುದ್ ಬ್ಯಾಡ ಮಗಾ. ನಿನ್ನ್ ಸಿಟ್ಟ್ ಇಳಿವರಿಗೆ ನಾನೂ ಇಲ್ಲೇ ಕೂಕಂತೆ. ಊಟ ಇಲ್ಲಿಗೇ ತರ್ಸುವ.”

ಮೋಕ್ಷಿತಾ ಇದಕ್ಕೆ ತಯಾರಾಗಿ ಬಂದಿರಲಿಲ್ಲ. ಮೆಲ್ಲಗೆ ಕೇಳಿದಳು, “ಕಾಲ್ ಯಾರಿಗೆ?”

“ಕೋಳಿಗೆ ಎರಡ್ ಕಾಲ್ ಇತ್ತಲ್ದಾ.”

ಚಂದಯ್ಯನವರು ನನ್ನ ಸನ್ನೆಗೆ ಕಾಯದೆ ಮಂಗಳ ಹಾಡಿದರು.

ಸಿಸ್ಟರ್ ನೇರ ನನ್ನ ಬಳಿಗೆ ಬಂದರು. “ಅವನು ಒಳಗೆ ಬರಲೇ ಇಲ್ಲ ಟೀಚರ್.”

“ಬರಲಿಲ್ಲ ಸಿಸ್ಟರ್.”

ಅವರ ಹಿಂದೆಯೇ ಮದರ್ ಪ್ರೊವಿನ್ಶಿಯಲ್. “ನಾನು ನಮ್ಮ ಮನೆಗೆ ದೊಡ್ಡ ಮಗಳು,” ಎಂದರು. ನಂತರ, “ಮುಂದಿನ ವರ್ಷ ಯೋಬನ ಕಥೆ ಮಾಡಿಸಿ,” ಎಂದರು.

“ಮುಂದಿನ ವರ್ಷವಾ?”

“ಜೂನಿನಿಂದ ನೀವು ಖಾಯಂ ಅಲ್ಲವಾ?”

ಸಿಸ್ಟರ್ ಮುಖ ಬಿಳುಚಿತು. ಯೋಬ ಇದ್ದದ್ದೆಲ್ಲ ಕಳೆದುಕೊಂಡು ದೇವರನ್ನೇ ಕಾರಣ ಕೇಳಿದವನು. “ಅದಕ್ಕೆ ಮೋಕ್ಷಿತಾಳನ್ನೇ ಹಾಕುತ್ತೀರಾ?” ಎಂದು ನನ್ನ ಕಿವಿಯಲ್ಲಿ ಕೇಳಿದರು. “ಹಾಗಾದರೆ ದೇವರು ಯಾರು? ಪಾಪ, ಯಾವ ಹುಡುಗಿ ಒಪ್ಪುತ್ತಾಳೆ?”

ಆ ಮಧ್ಯಾಹ್ನ ಲೈಬ್ರರಿಯಲ್ಲಿ ಬುತ್ತಿ ಬಿಚ್ಚುತ್ತಿದ್ದೆ. ಬಾಗಿಲು ತಳ್ಳಿಕೊಂಡು ಮೂವರು ಹುಡುಗಿಯರೂ ಬಂದರು, ಕೈಯಲ್ಲಿ ಅಡುಗೆಮನೆಯ ತಟ್ಟೆಗಳು.

“ಟೀಚರ್, ನೀವ್ ಊಟದ್ ಕೋಣೆಗೆ ಬಪ್ಪುದಿಲ್ಲೆ ಅಲ್ದಾ,” ಎಂದಳು ಪ್ರಣೀತಾ, ಕುರ್ಚಿ ಎಳೆಯುತ್ತ.

ಕೋಳಿ ಇರಲಿಲ್ಲ. ಈಸ್ಟರಿಗೆ ಮುಂಚಿನ ತಪಸ್ಸಿನ ಕಾಲದ ಶುಕ್ರವಾರ ಕಾನ್ವೆಂಟಿನಲ್ಲಿ ಮಾಂಸ ಮಾಡುವುದಿಲ್ಲ, ಮೀನಾಗುತ್ತದೆ. ಬಂಗುಡೆ ಸಾರು, ಮೀನು ಮೋಕ್ಷಿತಾಳ ತಾಯಿಯ ಬುಟ್ಟಿಯದು. ಒಂದು ಬಟ್ಟಲು, ನಾಲ್ಕು ಜನ.

“ತಲೆ ಯಾರಿಗೆ?” ಎಂದು ಕೇಳಿದೆ.

ಹುಡುಗಿಯರು ಒಬ್ಬರ ಮುಖ ಒಬ್ಬರು ನೋಡಿದರು. ಟೀಚರ್ ತಮಾಷೆ ಮಾಡುತ್ತಿದ್ದಾರೋ ಇಲ್ಲವೋ ಎಂದು ಅವರಿಗೆ ಖಾತ್ರಿಯಾಗಲು ಸ್ವಲ್ಪ ಹೊತ್ತು ಬೇಕಾಯಿತು.