ಕಾರ್ಡಿನಲ್ಲಿ ಒಂದೇ ಹೆಸರು

"ತಲೆ ಕಡೆ ಎತ್ತು ಮಾರಾಯ, ಗೋಡೆಗೆ ತಾಗುತ್ತೆ!" ಎಂದ ಕಂಡಕ್ಟರ್. ಮೂರನೆಯ ಮಹಡಿಯ ಮೆಟ್ಟಿಲ ತಿರುವಿನಲ್ಲಿ ಶವಪೆಟ್ಟಿಗೆ ಸಿಕ್ಕಿಕೊಂಡಿತ್ತು. ಒಳಗಿದ್ದದ್ದು ಡ್ರೈವರ್, ಹೊತ್ತವರೆಲ್ಲ ಸಿಟಿ ಬಸ್ಸಿನವರು.

"ಎಂಥಾ ಸಂದೀಲೂ ಬಸ್ ತಿರುಗಿಸ್ತಿದ್ದ, ಹಾರ್ನ್ ಕೂಡ ಹೊಡೀದೆ. ಈಗ ಇವನನ್ನ ತಿರುಗಿಸೋಕೆ ನಮ್ಮ ಕೈಲಾಗ್ತಿಲ್ಲ," ಎಂದು ಕಂಡಕ್ಟರೇ ಸೇರಿಸಿದ.

ಯಾರೋ ನಕ್ಕು, ಕೂಡಲೇ ಪೆಟ್ಟಿಗೆಗೆ ಹೆಗಲು ಕೊಟ್ಟರು. ಅವನ ಹೆಂಡತಿ ಮೇಲಿನ ಮೆಟ್ಟಿಲಲ್ಲಿ ನಿಂತು ನೋಡಿದಳು. ಅಳು ಬರಲಿಲ್ಲ. ಮೊನ್ನೆ ಅವನು ನಿಲ್ದಾಣದಲ್ಲಿ ಬಸ್ಸು ನಿಲ್ಲಿಸಿ, ಬಾಗಿಲು ತೆರೆದು, ಸ್ಟಿಯರಿಂಗಿನ ಮೇಲೆ ತಲೆಯಿಟ್ಟಿದ್ದ. ಮೆದುಳಿನ ರಕ್ತನಾಳ ಒಡೆದಿತ್ತು. ಪ್ರಯಾಣಿಕರೆಲ್ಲ ಇಳಿದ ಮೇಲೇ ಅದು ತಿಳಿದದ್ದು.

ಮಣ್ಣು ಮಾಡಿ ಬಂದ ಮೇಲೆ ಕಂಡಕ್ಟರ್ ಅವಳ ಮುಂದೆ ಒಂದು ಚೀಲವಿಟ್ಟ.

"ಅಕ್ಕಾ, ಡಿಪೋದಲ್ಲಿ ಅವನ ಕಪಾಟು ಖಾಲಿ ಮಾಡಿದ್ವಿ. ಟವೆಲ್ಲು, ಬಾಚಣಿಗೆ, ಕನ್ನಡಕ. ಅಷ್ಟೇ ಇದ್ದಿದ್ದು."

"ಮಾತ್ರೆ?"

"ಯಾವ ಮಾತ್ರೆ? ಅವನು ಮಾತ್ರೆ ನುಂಗಿದ್ದು ನಾನಂತೂ ಯಾವತ್ತೂ ನೋಡಿಲ್ಲ."

*

ಕೆಲಸದ ಕಡೆಯಿಂದ ಬಂದ, ಪುಕ್ಕಟೆ ಮಾತ್ರೆ ಕೊಡಿಸುವ ಆರೋಗ್ಯ ಕಾರ್ಡಿನಲ್ಲಿ ಅವನದೊಂದೇ ಹೆಸರಿತ್ತು. ರಕ್ತದೊತ್ತಡ ಇಬ್ಬರಿಗೂ ಇತ್ತು. ಮನೆಯಲ್ಲೇ ಬಟ್ಟೆ ಹೊಲಿಯುವ ಅವಳಿಗೆ ಕಾರ್ಡು ಕೊಡುವವರಿರಲಿಲ್ಲ. ಎರಡು ವರ್ಷದ ಕೆಳಗೆ ಅವನು ಮಾತ್ರೆಯ ಸ್ಟ್ರಿಪ್ಪನ್ನು ಹೊಲಿಗೆ ಯಂತ್ರದ ಮೇಲಿಟ್ಟ.

"ನಿನಗೆ."

"ಮತ್ತೆ ನಿಮಗೆ?"

"ಡಾಕ್ಟ್ರು ಇಬ್ಬರಿಗೂ ಆಗೋಷ್ಟು ಬರೆದಿದ್ದಾರೆ. ಒಳ್ಳೇ ಮನುಷ್ಯ. ನಂದು ಡಿಪೋದಲ್ಲಿದೆ, ಟೀ ಜೊತೆ ನುಂಗ್ತೀನಿ."

"ಸುಳ್ಳಲ್ಲ ತಾನೇ?"

"ಇಪ್ಪತ್ತಾರು ವರ್ಷದಿಂದ ಬಸ್ ಓಡಿಸ್ತಿದೀನಿ ಕಣೇ. ಬ್ರೇಕಿಲ್ಲದೆ ಗಾಡಿ ತೆಗೀತೀನಾ?"

ಅವಳು ದೇವರನ್ನು ನೆನೆದು, ಆ ಡಾಕ್ಟರಿಗೂ ಮನಸ್ಸಿನಲ್ಲೇ ಕೈಮುಗಿದು ನುಂಗಿದಳು.

*

ಚೀಲ ಹಿಡಿದು ಏಳಲು ಹೋಗಿ ಅವಳು ತತ್ತರಿಸಿದಳು. ಸಂತಾಪ ಹೇಳಲು ಬಂದಿದ್ದ, ಅವನು ತೋರಿಸಿಕೊಳ್ಳುತ್ತಿದ್ದ ಕ್ಲಿನಿಕ್ಕಿನ ನರ್ಸ್ ಅವಳನ್ನು ಕೂರಿಸಿ, ಬ್ಯಾಗಿನಿಂದ ಬಿಪಿ ಯಂತ್ರ ತೆಗೆದು ತೋಳಿಗೆ ಪಟ್ಟಿ ಸುತ್ತಿದರು.

"ಅವರಿಗೆ ಎರಡು ಸಲ ಡೋಸ್ ಜಾಸ್ತಿ ಮಾಡಿದ್ವಿ ಅಮ್ಮಾ. ಬಿಪಿ ಇಳೀಲೇ ಇಲ್ಲ. ಇದೆಂಥಾ ಮೈಯಪ್ಪಾ ಅಂತ ಡಾಕ್ಟರ್ ತಲೆ ಕೆಡಿಸ್ಕೊಂಡಿದ್ರು. ನಿಮಗೂ ಬಿಪಿ ಇದೆ ಅಂತಿದ್ರು. ಕಾರ್ಡ್ ಇದೆಯಾ?"

"ಎಲ್ಲಿಂದ ಬರುತ್ತೆ?" ಎಂದ ಕಂಡಕ್ಟರ್. "ಸೇತುವೆಗೆ ಬಣ್ಣದ ದೀಪ ಹಾಕೋಕೆ ಸರ್ಕಾರದವರ ಹತ್ರ ದುಡ್ಡಿದೆ. ಹೆಂಡ್ತಿ ಹೆಸರು ಬರೆಯೋಕೆ ಮಾತ್ರ ಜಾಗ ಇಲ್ಲ."

ಯಂತ್ರ ನಿಂತಿತು. ನರ್ಸಿನ ಮುಖ ಅರಳಿತು.

"ನೂರಿಪ್ಪತ್ತು, ಎಂಬತ್ತು. ಇಂಥಾ ದಿನದಲ್ಲೂ! ಯಾವ ಮಾತ್ರೆ ತಗೋತಿದ್ದೀರೋ ಅದನ್ನೇ ತಗೊಳ್ಳಿ. ಒಂದು ದಿನಾನೂ ಬಿಡಬೇಡಿ."

ಕೂತವರೆಲ್ಲ ನಿಟ್ಟುಸಿರು ಬಿಟ್ಟರು. ಪಟ್ಟಿಯ ಗಾಳಿಯೂ ಸುಯ್ಯೆಂದು ಇಳಿಯಿತು. ಬಿಚ್ಚಲು ನರ್ಸ್ ಕೈ ಚಾಚಿದರು. ಅವಳು ಆ ಸಡಿಲ ಪಟ್ಟಿಯನ್ನು ಇನ್ನೊಂದು ಕೈಯಿಂದ ತೋಳಿಗೆ ಒತ್ತಿ ಹಿಡಿದುಕೊಂಡಳು.