ಕೊಪ್ಪರಿಗೆಯ ತಳದ ರಸ್ತೆ

"ಇದನ್ನ ಮರ್ಮೆಲಾಡಾ ಅಂತಾರೇನೇ? ಗಂಜಿ ಇದು," ಎಂದು ಬೆಲ್ಮೀರಾ ಬಟ್ಟಲನ್ನು ಎಡಗೈಯಲ್ಲಿ ವಾಲಿಸಿದಳು. ಕಿಟಕಿಯ ಬಿಸಿಲಲ್ಲಿ ಮೂರು ದಿನ ಒಣಗಿದ್ದರೂ ಚಾಕುವಿನಲ್ಲಿ ಕೊಯ್ಯುವಷ್ಟು ಗಟ್ಟಿಯಾಗಬೇಕಿದ್ದ ಹಣ್ಣಿನ ಪಾಕ ಮೆಲ್ಲಗೆ ಅಂಚಿಗೆ ಜಾರಿತು.

ಅವಳ ಬಲ ಮಣಿಕಟ್ಟು ಮುರಿದು ಪ್ಲಾಸ್ಟರಿನಲ್ಲಿತ್ತು. ಹಾಗಾಗಿ ಈ ಅಕ್ಟೋಬರಿನಲ್ಲಿ ಮೊದಲ ಸಲ ಮರದ ಸೌಟು ಸೊಸೆಯ ಕೈಗೆ ಬಂದಿತ್ತು. ಸೊಸೆ ಕರ್ಸ್ಟಿ ಸ್ಕಾಟ್ಲೆಂಡಿನವಳು, ನಮ್ಮ ಊರಿಗೆ ಬಂದು ವರ್ಷ ತುಂಬಿರಲಿಲ್ಲ. ಈ ಸಲದ್ದು ಕೆಟ್ಟರೆ ಅಜ್ಜಿ ಕಾಲದ ತಾಮ್ರದ ಕೊಪ್ಪರಿಗೆ ಪೇಟೆಯಲ್ಲಿರುವ ಅಣ್ಣನ ಮಗಳಿಗೆ ಎಂದು ಬೆಲ್ಮೀರಾ ಮೊದಲೇ ಹೇಳಿಬಿಟ್ಟಿದ್ದಳು. ಆ ಮಗಳು ಅದರಲ್ಲಿ ಹೂವಿನ ಗಿಡ ನೆಡುತ್ತಾಳೆಂದು ಊರಿಗೇ ಗೊತ್ತು.

ನಾನು ಪಕ್ಕದ ಮನೆಯ ಅದೆಲೀನೊ, ಮೂವತ್ತೊಂದು ವರ್ಷ ಅಂಚೆ ಹಂಚಿದವನು. ಬೂಸ್ಟು ಹಿಡಿಯದಂತೆ ಬಟ್ಟಲು ಮುಚ್ಚುವ ಕಾಗದವನ್ನು ಅದ್ದಲು ಪ್ರತಿವರ್ಷದಂತೆ ದ್ರಾಕ್ಷಿ ಸಾರಾಯಿ ತಂದು ಬಾಗಿಲಲ್ಲೇ ನಿಂತಿದ್ದೆ.

"ಯಾವಾಗ ಇಳಿಸ್ದೆ?" ಎಂದಳು ಬೆಲ್ಮೀರಾ.

"ತಣ್ಣನೆ ತಟ್ಟೆ ಮೇಲೆ ಒಂದು ತೊಟ್ಟು ಹಾಕಿ ಬೆರಳಲ್ಲಿ ತಳ್ಳಿದೆ ಅತ್ತೆ. ಸುಕ್ಕು ಬಂತು. ನಮ್ಮಮ್ಮ ಕಿತ್ತಳೆಗೆ ಹಾಗೇ ನೋಡೋದು."

"ಸುಕ್ಕು ನೋಡ್ಬೇಕಿದ್ರೆ ನನ್ನ ಮುಖ ಇರ್ಲಿಲ್ವಾ? ಕಿತ್ತಳೆಯಲ್ಲಿ ಮರ್ಮೆಲಾಡಾ ಮಾಡೋ ಜನ!"

ಕರ್ಸ್ಟಿ ತಲೆ ತಗ್ಗಿಸಿದಳು. ನನಗೆ ಸುಮ್ಮನಿರಲಾಗಲಿಲ್ಲ.

"ಬೆಲ್ಮೀರಾ, ನಿನ್ನ ತಮ್ಮ ಜರ್ಮನಿಯಿಂದ ಕಳಿಸ್ತಿದ್ದ ಬಾಟ್ಲಿ ನೆನಪಿದ್ಯಾ? ಒಳಗೆ ಸ್ಟ್ರಾಬೆರಿ, ಚೀಟಿ ಮೇಲೆ ಇದೇ ಹೆಸರು."

"ಹೂಂ. ತಲೆ ಕೆಟ್ಟಿದೆ ಅಂದ್ಕೊಂಡಿದ್ದೆ ಅವನಿಗೆ."

"ಫ್ರಾನ್ಸಲ್ಲಿ ಸೇಬು ಬೇಯಿಸಿ ಮುದ್ದೆ ಮಾಡಿದ್ರೂ ಅದೇ ಹೆಸರು. ಎಷ್ಟು ಪಾರ್ಸೆಲ್ ಹೊತ್ತೆ, ಕುತೂಹಲಕ್ಕೆ ನಿಘಂಟು ತೆಗೆದು ನೋಡ್ದೆ. ಎಲ್ಲದರ ಬೇರು ನಿನ್ನ ಹಿತ್ತಲಲ್ಲಿದೆ. ನಮ್ಮ ಮಾರ್ಮೆಲೊ ಹಣ್ಣಿಂದ ಮರ್ಮೆಲಾಡಾ. ಪೆಟ್ಟಿಗೇಲಿ ತುಂಬಿ ಹಡಗಲ್ಲಿ ಇಂಗ್ಲೆಂಡಿಗೆ ಕಳಿಸ್ತಿದ್ರಂತೆ. ಆಮೇಲೆ ಅವರು ಕಿತ್ತಳೆ ಹಾಕಿದ್ರು, ಹೆಸರು ಬಿಡ್ಲಿಲ್ಲ, ಮಾರ್ಮಲೇಡ್ ಅಂದ್ರು."

"ಕದ್ರು ಅನ್ನು."

"ಹಾಗಂದ್ರೆ ನಾವೂ ಕಳ್ಳರೇ. ಮಾರ್ಮೆಲೊ ಅನ್ನೋದು ಗ್ರೀಕರ ಮಾತಿಂದ ಬಂದಿದ್ದು. ಜೇನು ಸೇಬು ಅಂತ ಅರ್ಥ."

ಕಚ್ಚಿದರೆ ಬಾಯೆಲ್ಲ ಒಗರಾಗುವ ಮಾರ್ಮೆಲೊ ಹಣ್ಣೊಂದು ಬುಟ್ಟಿಯಲ್ಲಿ ಉಳಿದಿತ್ತು. ಬೆಲ್ಮೀರಾ ಅದನ್ನೇ ನೋಡಿದಳು. "ಜೇನಂತೆ. ತಿಂದು ನೋಡಿರ್ಲಿಕ್ಕಿಲ್ಲ ಪಾಪ. ಹೆಸರು ವಾಪಸ್ ಕೇಳಿದ್ರಾ?"

"ಇನ್ನೂ ಕಾಗದ ಬಂದಿಲ್ಲ."

ಕರ್ಸ್ಟಿ ನಕ್ಕುಬಿಟ್ಟಳು, ತಕ್ಷಣ ಬಾಯಿಗೆ ಕೈ ಅಡ್ಡ ಹಿಡಿದಳು. ಬೆಲ್ಮೀರಾ ಅವಳನ್ನು ಒಂದು ಗಳಿಗೆ ದಿಟ್ಟಿಸಿ, ಎಂಟೂ ಬಟ್ಟಲುಗಳನ್ನು ಅವಳ ಕಡೆ ಸರಿಸಿದಳು.

"ಎಲ್ಲಾ ಕೊಪ್ಪರಿಗೆಗೆ ಸುರಿ. ತೋಳು ಮುಚ್ಕೋ, ಸಿಡಿಯುತ್ತೆ. ತಟ್ಟೆ ಗಿಟ್ಟೆ ಬೇಡ. ಸೌಟಿಂದ ತಳಕ್ಕೆ ಗೆರೆ ಎಳಿ, ರಸ್ತೆ ಕಾಣ್ಬೇಕು."

ಕರ್ಸ್ಟಿ ಕೈ ನಿಲ್ಲಿಸದೆ ತಿರುವಿದಳು. ಗೆರೆ ಎಳೆದಳು; ಮುಚ್ಚಿಕೊಂಡಿತು. ಕೆಂಪು ಗಾಢವಾಯಿತು, ಬೆವರು ಗಲ್ಲದಿಂದ ತೊಟ್ಟಿಕ್ಕಿತು. ಬೆಲ್ಮೀರಾ ಎರಡು ಸಲ ಸೌಟಿಗೆ ಎಡಗೈ ಚಾಚಿ, ಎರಡು ಸಲವೂ ಹಿಂದೆಗೆದಳು. ಮತ್ತೆ ಗೆರೆ. ಈ ಸಲ ತಾಮ್ರದ ತಳ ಹೊಳೆಯಿತು, ಹೊಳೆಯುತ್ತಲೇ ಇತ್ತು.

"ಮುಚ್ಕೊಳ್ತಾ?"

"ಇಲ್ಲ ಅತ್ತೆ."

"ಮತ್ತೇನು ನೋಡ್ತಾ ನಿಂತೆ? ಇಳಿಸು."

ಮೂರು ದಿನ ಬಿಟ್ಟು ಮತ್ತೆ ಸಾರಾಯಿ ಒಯ್ದೆ. ಬಟ್ಟಲುಗಳು ಮೇಜಿನ ಮೇಲಿದ್ದವು. ಕರ್ಸ್ಟಿ ಮುಟ್ಟಲೂ ಹೆದರಿ ಗೋಡೆಗೆ ಒರಗಿದ್ದಳು.

"ಜನವರಿಗೆ ಹಿತ್ತಲಿನ ಹುಳಿ ಕಿತ್ತಳೆ ಹಣ್ಣಾಗುತ್ತೆ," ಎಂದಳು ಬೆಲ್ಮೀರಾ. "ಸುಮ್ಮನೆ ಉದುರಿ ಹಾಳಾಗುತ್ತೆ. ನಿಮ್ಮಮ್ಮನ ಥರ ಮಾಡು. ಕೊಪ್ಪರಿಗೆ ಇಲ್ಲೇ ಇರುತ್ತಲ್ಲ."

"ಮೊದ್ಲು ಇದನ್ನ ನೋಡಿ ಅತ್ತೆ. ಈ ಸಲವೂ ಗಂಜಿ ಆಗಿದ್ರೆ?"

"ಆಗಿದ್ರೆ ಅದೆಲೀನೊ ಚಮಚದಲ್ಲಿ ತಿಂತಾನೆ."

ಒಂದು ಬಟ್ಟಲನ್ನು ತಟ್ಟೆಯ ಮೇಲೆ ಬೋರಲು ಹಾಕಿ, ಎಡಗೈ ಗೆಣ್ಣಿನಿಂದ ತಳಕ್ಕೆ ಎರಡು ಸಲ ತಟ್ಟಿ ಎತ್ತಿದಳು. ಮರ್ಮೆಲಾಡಾ ಬಟ್ಟಲಿನದೇ ಆಕಾರದಲ್ಲಿ ಕೆಂಪಗೆ ಹೊಳೆಯುತ್ತ, ಒಂದಿಷ್ಟೂ ಅಲುಗದೆ ನಿಂತಿತ್ತು.